ಕೋಲಿನ ತುದಿಗೆ ಒನಕೆಯ ಕಟ್ಟು

ಕುಮಟೆಯ ಕ್ಲಬ್ಬಿನಲ್ಲಿ ಮಾಬ್ಲ ಮಾರ್ಕರ್ ಆಗಿದ್ದ. ಬಿಲಿಯರ್ಡ್ಸ್ ಮೇಜಿನ ಬದಿಗೆ ನಿಂತು ಅಂಕ ಕೂಗುವುದು, ಮಳೆಗಾಲದಲ್ಲಿ ಮೇಜಿನ ಹಸಿರು ಬಟ್ಟೆಗೆ ಇಸ್ತ್ರಿ ಹಾಕುವುದು ಅವನ ಕೆಲಸ. ಹದಿನೆಂಟು ವರ್ಷ ಅದನ್ನೇ ಮಾಡಿದ. ಆ ಕ್ಲಬ್ಬಿನಲ್ಲಿ ಆಟ ತಿಳಿದವನು ಅವನೊಬ್ಬನೇ, ಆದರೆ ಆಡಲು ಅವನಿಗೆ ಅಪ್ಪಣೆ ಇರಲಿಲ್ಲ. ನನಗೆ ಇವತ್ತಿಗೂ ಮೈ ಉರಿಯುವುದು ಅದಕ್ಕೇ.

೧೯೬೧ರ ಮಳೆಗಾಲದಲ್ಲಿ ಆಡುವ ಕೋಲುಗಳ ತುದಿ ಸೀಳತೊಡಗಿತು. ಕ್ಲಬ್ಬಿನ ಕಾರ್ಯದರ್ಶಿ ಪುಂಡಲೀಕ ವಕೀಲರು (ನಾನು ಆಗ ಅವರ ಕೈಕೆಳಗಿನ ಹೊಸ ವಕೀಲ) ಮಾಬ್ಲನನ್ನು ಒಂದು ಮಾತೂ ಕೇಳಲಿಲ್ಲ. ಸಂತೆಗುಳಿಯಿಂದ ಬಡಗಿ ಈರನನ್ನು ಕರೆಸಿದರು. ಈರ ಜನ್ಮವಿಡೀ ಒನಕೆ ಮಾಡಿದವನು. ಒನಕೆ ಸೀಳದಿರಲೆಂದು ಅದರ ಬಾಯಿಗೆ ಕಬ್ಬಿಣದ ಕಟ್ಟು ಹಾಕುವ ಹಾಗೆ, ಎಲ್ಲ ಕೋಲುಗಳ ತುದಿಗೂ ದಪ್ಪ ಹಿತ್ತಾಳೆಯ ಕಟ್ಟು ಬಡಿದು ಹೋದ.

ಅಲ್ಲಿಂದ ಶುರುವಾಯಿತು ಗ್ರಹಚಾರ. ಗುಂಡು ತಿರುಗಲಿ ಎಂದು ಬಲಮಗ್ಗುಲಿಗೆ ಹೊಡೆದರೆ ಅದು ಎಡಕ್ಕೆ ಓರೆಯಾಗಿ ಹೊರಡುತ್ತಿತ್ತು. ಪಂದ್ಯದಲ್ಲಿ ಹೊನ್ನಾವರದ ಕ್ಲಬ್ಬಿನವರ ಎದುರು ಸೋತು ಸುಣ್ಣವಾದೆವು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ವಕೀಲರು ಮೊದಲು ಮೇಜನ್ನು ಬೈದರು, ಆಮೇಲೆ ಮಾಬ್ಲನನ್ನು. ಮುಂದಿನ ಪಂದ್ಯವೂ ಹೋದರೆ ಬೇರೆ ಕೆಲಸ ನೋಡಿಕೋ ಎಂದರು.

ಮಾಬ್ಲ ಮೂಲೆಯಲ್ಲಿದ್ದ ಒಂದು ಹಳೆಯ ಕೋಲನ್ನು ಮೂರು ವಾರ ಗಾಜಿನ ಚೂರಿನಿಂದ ಕೆರೆದ. ಮುಂದಿನ ಒಂದು ಮೊಳದಷ್ಟನ್ನು ಸಪೂರ ಮಾಡಿದ. ತುದಿಗೆ ಹಿತ್ತಾಳೆಯ ಬದಲು, ತದಡಿಯಲ್ಲಿ ಬಲೆ ಹೆಣೆಯುವ ನೂಲನ್ನು ನಾಲ್ಕೇ ಸುತ್ತು ಬಿಗಿದು ವಕೀಲರಿಗೆ ಕೊಟ್ಟ.

"ತುದಿ ಭಾರ ಇದ್ರೆ ಕೋಲು ಜಗ್ಗೂದಿಲ್ಲ ವಕೀಲ್ರೆ, ಗುಂಡನ್ನೇ ಬದಿಗೆ ದೂಡ್ತದೆ. ಹಗುರ ಇದ್ರೆ ಕೋಲೇ ಸರೀತದೆ. ಗುಂಡು ತಿರುಗ್ತಾ ನೆಟ್ಟಗೆ ಹೋಗ್ತದೆ."

ವಕೀಲರು ನಂಬಲಿಲ್ಲ, ಆದರೂ ಆ ಕೋಲಿನಲ್ಲೇ ಆಡಿ ಹೊನ್ನಾವರದವರನ್ನು ಗೆದ್ದರು. ಹಾರ ಬಿತ್ತು, ಭಾಷಣವಾಯಿತು. ಮಾಬ್ಲನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಕೆಲಸ ಉಳಿಯಿತಲ್ಲ ಎಂದು ಅವನು ಸುಮ್ಮನಿದ್ದ. ನಾನು ಯಾಕೆ ಸುಮ್ಮನಿದ್ದೆ ಎಂದು ಯೋಚಿಸಿದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಗೆದ್ದ ಕೋಲು ಸೀಳಬಾರದೆಂದು ವಕೀಲರು ಮಾಡಿದ್ದೇನು? ನೂಲು ಬಿಚ್ಚಿಸಿ ತುದಿಗೆ ಬೆಳ್ಳಿಯ ದಪ್ಪ ಕಟ್ಟು ಹಾಕಿಸಿದರು, ಅದರ ಮೇಲೆ ತಮ್ಮ ಹೆಸರು ಕೆತ್ತಿಸಿದರು. ಎಲ್ಲರ ಎದುರು ಬಲಮಗ್ಗುಲಿಗೆ ಹೊಡೆದರು. ಗುಂಡು ಎಡಕ್ಕೆ ಹೋಯಿತು. ಕೋಲನ್ನು ಮಾಬ್ಲನ ಮುಖಕ್ಕೆ ಹಿಡಿದರು.

"ಎಂತ ಮಾಡಿಟ್ಟೆ ಮಾರಾಯ ನನ್ನ ಕೋಲಿಗೆ?"

ಮಾಬ್ಲ ಕಟ್ಟನ್ನು ಬೆರಳಿನಿಂದ ಸವರಿ ನೋಡಿದ.

"ನಿಮ್ಮ ಹೆಸರು ಭಾರ ಆತು ವಕೀಲ್ರೆ."

ಹದಿನೆಂಟು ವರ್ಷದಲ್ಲಿ ಅವನು ಎದುರಾಡಿದ್ದು ಅದೊಂದೇ ಸಲ. ಮರುವಾರ ಅವನು ತದಡಿಯಲ್ಲಿ ಕೂತು ದೋಣಿಯ ಹುಟ್ಟು ಕೆರೆಯುತ್ತಿದ್ದ. ಬೆಳ್ಳಿ ಕಟ್ಟಿನ ಕೋಲು ಕ್ಲಬ್ಬಿನ ಗೋಡೆಯಲ್ಲಿದೆ. ಅದರಲ್ಲಿ ಆಡಿ ಗೆದ್ದವರು ಆಮೇಲೆ ಯಾರೂ ಇಲ್ಲ.