ಎರಡೇ ಮುಖಕ್ಕೆ ತೆರೆಯುವ ಫೋನು

ಹಿಂದಕ್ಕೆ ಹೋಗುವ ಗುಂಡಿಯೇ ಇರಲಿಲ್ಲ! ಇಷ್ಟು ವರ್ಷ ನನ್ನ ಹೆಬ್ಬೆರಳು ನೋಡದೆಯೇ ಹೋಗಿ ಒತ್ತುತ್ತಿದ್ದ ಜಾಗದಲ್ಲಿ ಬರೀ ನುಣ್ಣನೆಯ ಗಾಜು. ಯಾವುದೋ ಫೋಟೋ ತೆರೆದವಳು ಅದರಿಂದ ಹೊರಗೆ ಬರಲಾಗದೆ ಕಂಬಂನ ನಮ್ಮ ಮನೆಯ ಜಗಲಿಯ ಮೇಲೆ ಕೂತು ಆ ಗಾಜನ್ನು ಮೇಲಕ್ಕೆ, ಕೆಳಕ್ಕೆ, ಅಡ್ಡಕ್ಕೆ ಉಜ್ಜಿದ್ದೇ ಉಜ್ಜಿದ್ದು. ಕಡ್ಡಿಪೊರಕೆ ಹಿಡಿದು ಅಂಗಳಕ್ಕೆ ಇಳಿಯುತ್ತಿದ್ದ ನನ್ನ ಅತ್ತೆ ಒಂದು ಗಳಿಗೆ ನಿಂತು ನೋಡಿದರು.

"ಏನ್ಮಾ, ಪಾತ್ರೆ ತಿಕ್ದಂಗೆ ತಿಕ್ತಾ ಇದ್ದೀಯ?"

"ವಾಪಸ್ ಬರೋಕೆ ಆಗ್ತಿಲ್ಲ ಅತ್ತೆ."

"ಬರೋಕೆ ಆಗ್ದಿದ್ರೆ ಅಲ್ಲೇ ಇರು. ನೀನು ಈ ಊರ್ಗೆ ಬಂದಾಗ್ಲೂ ಅಂಗೇ ತಾನೆ ಇದ್ದೆ?"

ಕೊಯಮತ್ತೂರಿನಲ್ಲಿ ಹಲ್ಲಿನ ಡಾಕ್ಟರಾಗಿರುವ ನನ್ನ ನಾದಿನಿ ಹೊಸ ಐಫೋನು ಕೊಂಡು, ಹಳೆಯ ಐಫೋನನ್ನು ನನಗೆ ಕೊಟ್ಟಿದ್ದಳು. ನಾನು ಕಾಲೇಜಿನ ಕಾಲದಿಂದ ಆಂಡ್ರಾಯ್ಡಿನವಳು. ಮದ್ದೂರಿನಲ್ಲಿ ಹುಟ್ಟಿ, ಕಂಬಂಗೆ ಸೊಸೆಯಾಗಿ ಬಂದು, ಇನ್ನೊಂದು ರಾಜ್ಯದಲ್ಲಿ ಒಲೆ ಹಚ್ಚಿದವಳಿಗೆ ಒಂದು ಫೋನು ಬಿಟ್ಟು ಇನ್ನೊಂದಕ್ಕೆ ಹೋಗುವುದು ಏನು ಮಹಾ ಎಂದುಕೊಂಡಿದ್ದೆ. ಜಂಬ ಪಟ್ಟಿದ್ದಕ್ಕೆ ತಕ್ಕ ಶಾಸ್ತಿಯಾಯಿತು. ಅಕ್ಷರ ಒತ್ತಲು ಹೋದರೆ ಪಕ್ಕದ್ದು ಬೀಳುತ್ತದೆ. ಮೊದಲು ಯಾರ ಮನೆಗೆ ಹೋದರೂ ಚಾರ್ಜರ್ ಸಿಗುತ್ತಿತ್ತು, ಈಗ ಬೀದಿಯಲ್ಲಿ ಯಾರ ವೈರೂ ಇದರ ಬಾಯಿಗೆ ಹೊಂದುವುದಿಲ್ಲ. ನನ್ನ ಗಂಡನಿಗೋ ತಮಾಷೆ. "ಪೆರಿಯ ಇಡತ್ತು ಫೋನು," ಎಂದು ತಮಿಳಿನಲ್ಲಿ ಆಡಿಕೊಳ್ಳುತ್ತಿದ್ದರು, ದೊಡ್ಡ ಮನೆತನದ ಫೋನಂತೆ.

ಈ ಊರಿನ ಮೊದಲ ದಿನಗಳೂ ಹೀಗೇ ಇದ್ದವು. ಎರಡೂ ಕಡೆ ಬೆಟ್ಟ, ನಡುವೆ ಗದ್ದೆ, ತೆಂಗು, ದ್ರಾಕ್ಷಿ ಚಪ್ಪರ. ನೋಡಲು ಏನೋ ಚೆಂದ, ಆದರೆ ಬಸ್ಸಿನ ಬೋರ್ಡಿನಿಂದ ಬೆಂಕಿಪೊಟ್ಟಣದವರೆಗೆ ಎಲ್ಲಾ ತಮಿಳು. ಶೇರ್ ಆಟೋದವನು ಎಲ್ಲಿಗೆ ಎಂದು ಕೇಳಿದರೆ ಬಾಯಿ ಕಟ್ಟುತ್ತಿತ್ತು. "ತಮಿಳುನಾಡಿಗ್ಯಾಕೆ ಹೆಣ್ಣು ಕೊಟ್ರಿ?" ಎಂದು ಮದ್ದೂರಿನಲ್ಲಿ ಎಲ್ಲರೂ ಅಮ್ಮನನ್ನು ಕೇಳಿದ್ದರು. ಇಲ್ಲಿ ನೂರಾರು ವರ್ಷಗಳಿಂದ ಕನ್ನಡ ಮಾತಾಡುವ ಒಕ್ಕಲು ಮನೆಗಳಿವೆ ಎಂದರೆ ಯಾರೂ ನಂಬುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಪೂರ್ತಿ ನಂಬಿರಲಿಲ್ಲ.

ನಂಬಿಸಿದ್ದು ಅತ್ತೆ. ಬಂದ ಮರುದಿನ ಬೆಳಗ್ಗೆ "ರೂಪಾ, ಕದ ತೆಗಿ ಮಾ" ಎಂದರು. ನಾವು ಬಾಗಿಲು ಎನ್ನುವುದನ್ನು ಇವರು ಇನ್ನೂ ಕದ ಎನ್ನುತ್ತಾರೆ. ಮುಖಕ್ಕೆ ಮೊಗ. ನಡುವೆ ತಮಿಳು ಧಾರಾಳವಾಗಿ ಬರುತ್ತದೆ, ಮಾತು ಮುಗಿಯುವಲ್ಲಿ ಒಂದು 'ಮಾ' ಸೇರಿಕೊಳ್ಳುತ್ತದೆ, ಆದರೆ ಅಡಿಪಾಯ ನಮ್ಮದೇ. ನನಗೆ ಅಲ್ಲೇ ಅಳು ಬಂತು, ಸಂತೋಷಕ್ಕೆ. ರಾಗಿಮುದ್ದೆಯೂ ಸಿಕ್ಕಿತು, ಕೇಪ್ಪೆ ಕಳಿ ಎಂಬ ಹೆಸರಿನಲ್ಲಿ. ಬರೆಯಲು ಓದಲು ಇವರಿಗೆ ಕನ್ನಡ ಬರುವುದಿಲ್ಲ, ಶಾಲೆಯಲ್ಲಿ ಕಲಿತದ್ದು ತಮಿಳು. ಯಾವ ಪುಸ್ತಕದ ಆಸರೆಯೂ ಇಲ್ಲದೆ, ಬರೀ ಬಾಯಲ್ಲಿ, ಇಷ್ಟು ಕಾಲ ಒಂದು ಭಾಷೆಯನ್ನು ಕಾಪಾಡಿಕೊಂಡು ಬಂದಿದ್ದಾರಲ್ಲ, ಅದನ್ನು ಮದ್ದೂರಿನವರಿಗೆ ಹೇಳುವಾಗ ನನಗೆ ಇವತ್ತಿಗೂ ಎದೆ ಉಬ್ಬುತ್ತದೆ.

ಕದದ ವಿಷಯಕ್ಕೆ ಬಂದೆ. ನಮ್ಮ ಬೀದಿಯಲ್ಲಿ ಹಗಲು ಹೊತ್ತು ಯಾರೂ ಕದ ಮುಚ್ಚುವುದಿಲ್ಲ. ಮುಚ್ಚಿದರೆ ಆ ಮನೆಯವರಿಗೆ ಯಾರ ಮೇಲೋ ಸಿಟ್ಟು ಎಂದೇ ಅರ್ಥ. ನನ್ನ ಹಳೆಯ ಫೋನೂ ಹಾಗೇ ಇತ್ತು. ಹೆಸರಿಗೆ ನನ್ನದು, ಬಳಸುವುದು ಮನೆಮಂದಿ. ಬೀಗ ತೆಗೆಯಲು ಗಾಜಿನ ಮೇಲೆ ಬೆರಳಲ್ಲಿ ಎಳೆಯುತ್ತಿದ್ದ ಗೀಟು ಹಾಲು ತರುವ ಹೆಂಗಸಿಗೂ ಗೊತ್ತಿತ್ತು.

ಎಲ್ಲರಿಗಿಂತ ಹೆಚ್ಚು ಬಳಸುತ್ತಿದ್ದವರು ಅತ್ತೆ. ನಮ್ಮದು ಪನ್ನೀರ್ ದ್ರಾಕ್ಷಿಯ ತೋಟ. ಕಪ್ಪು ಹಣ್ಣು, ಒಳಗೆ ಬೀಜ, ತಿಂದರೆ ಬಾಯೆಲ್ಲ ಘಮ. ಬೆಳೆಸುವುದು ಮಾವ, ಮಾರುವುದು ಅತ್ತೆ, ಪೆಟ್ಟಿಗೆಗೆ ತುಂಬಿಸುವುದು ನಾನು. ಕೊಯ್ಲಿನ ದಿನ ದಿಂಡಿಗಲ್ಲಿನ ವ್ಯಾಪಾರಿ ಬರುತ್ತಾನೆ. ಅವನು ಬರುವ ಹೊತ್ತಿಗೆ ಚಿನ್ನಮನೂರಿನಲ್ಲಿರುವ ಅತ್ತೆಯ ಅಕ್ಕ, ಅಂದರೆ ನಮ್ಮ ದೊಡ್ಡತ್ತೆ, ಆ ಬೆಳಗ್ಗೆ ತಮ್ಮ ಕಡೆ ಹಣ್ಣು ಯಾವ ಬೆಲೆಗೆ ಹೋಯಿತು ಎಂದು ನನ್ನ ಫೋನಿಗೆ ಧ್ವನಿಸಂದೇಶ ಕಳಿಸಿರುತ್ತಾರೆ. ಅತ್ತೆ ಅದನ್ನು ಅಡಗಿಸಿ ಕೇಳುವವರಲ್ಲ. ವ್ಯಾಪಾರಿಯ ಮೂಗಿನ ಮುಂದೆಯೇ ಜೋರಾಗಿ ಹಾಕುತ್ತಾರೆ! ಅವನಿಗೆ ನಮ್ಮ ಮನೆಮಾತು ಒಂದಕ್ಷರ ತಿಳಿಯದು. ಪಾಪ, ಯಾರದೋ ಯೋಗಕ್ಷೇಮದ ಮಾತು ಎಂದುಕೊಂಡು ಕಾಫಿ ಕುಡಿಯುತ್ತಾ ಕೂತಿರುತ್ತಾನೆ. ಮೊದಲ ಸಲ ಇದನ್ನು ನೋಡಿದಾಗ ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಚಪ್ಪರದ ಹಿಂದಕ್ಕೆ ಓಡಿದ್ದೆ.

ಹೊಸ ಫೋನು ಬಂದ ವಾರವೇ ಕೊಯ್ಲು ಬಂತು. ಪಡುವಣ ಬೆಟ್ಟದ ಮೇಲೆ ಮೋಡ ಕೂತಿತ್ತು. ಮಾಗಿದ ಪನ್ನೀರ್ ಹಣ್ಣಿನ ಮೇಲೆ ಮಳೆ ಬಿದ್ದರೆ ಹಣ್ಣು ಬಿರಿಯುತ್ತದೆ, ಬಿರಿದದ್ದನ್ನು ಯಾರೂ ಮುಟ್ಟುವುದಿಲ್ಲ. ಪೆಟ್ಟಿಗೆಗೆ ಹಾಸುವ ಕಾಗದ ಸಾಲದೆ ನಾನು ಆಟೋ ಹತ್ತಿ ಪೇಟೆಗೆ ಹೋದೆ, ಅತ್ತೆಗೆ ಬೇಕಾಗುತ್ತದೆಂದು ಫೋನನ್ನು ತೋಟದ ಕೊಟ್ಟಿಗೆಯಲ್ಲೇ ಬಿಟ್ಟೆ. ಅದು ನನ್ನ ಮುಖ ನೋಡಿ ತೆರೆಯುವ ಫೋನು ಎನ್ನುವುದು ನನ್ನ ತಲೆಗೇ ಹೋಗಲಿಲ್ಲ.

ವಾಪಸ್ ಬಂದಾಗ ವ್ಯಾಪಾರಿ ಇರಲಿಲ್ಲ. ಕೊಯ್ಯುವ ಹೆಂಗಸರು ಸುಮ್ಮನೆ ಕೂತಿದ್ದರು. ಅತ್ತೆ ನನ್ನನ್ನು ಕಂಡು ಚಪ್ಪರದ ಕಡೆಗೆ ನಡೆದರು. ನಡೆದದ್ದನ್ನು ಆ ಹೆಂಗಸರೇ ಹೇಳಿದರು. ಅತ್ತೆ ಎಂದಿನಂತೆ ಗತ್ತಿನಿಂದ ಫೋನು ಎತ್ತಿದ್ದಾರೆ. ಗಾಜಿನ ಮೇಲಿದ್ದ ಬೀಗದ ಚಿತ್ರ ಇವರನ್ನು ನೋಡಿ ಒಲ್ಲೆ ಎಂದು ತಲೆ ಅಲ್ಲಾಡಿಸಿದೆ. ಮತ್ತೆ ಎತ್ತಿದರೆ ಮತ್ತೆ ಅದೇ. ವ್ಯಾಪಾರಿ ನಕ್ಕು, "ಮರುಮಗ ಪೂಟ್ಟಿಟ್ಟು ಪೋಯಿಟ್ಟಾಳಾಮ್ಮಾ?" ಎಂದನಂತೆ. ಸೊಸೆ ಬೀಗ ಹಾಕಿಕೊಂಡು ಹೋದಳೇನಮ್ಮಾ ಎಂದು! ಅವನು ಹೇಳಿದ ಬೆಲೆಗೆ ಅತ್ತೆ ಒಪ್ಪಲಿಲ್ಲ, ಸರಿಯಾದ ಬೆಲೆ ಯಾವುದೆಂದೂ ಅವರಿಗೆ ತಿಳಿದಿರಲಿಲ್ಲ. ನಾಳೆ ಬಾ ಎಂದು ಕಳಿಸಿಬಿಟ್ಟರು.

ಹಣ್ಣಿನ ಚಿಂತೆ ಒಂದು ಕಡೆ ಇರಲಿ. ಪುಣ್ಯಕ್ಕೆ ಮೋಡ ಕೇರಳದ ಕಡೆಗೇ ತಿರುಗಿಕೊಂಡಿತು. ಆದರೆ ಹೊರಗಿನವನೊಬ್ಬನ ಎದುರಿಗೆ ನನ್ನ ಫೋನು ನನ್ನ ಅತ್ತೆಯನ್ನು ಹೊರಗಿನವರನ್ನಾಗಿ ಮಾಡಿತ್ತು. ದಿಕ್ಕು ತಿಳಿಯದೆ ಬಂದ ನನಗೆ ಮೊದಲ ದಿನವೇ ಕದ ತೆರೆದುಕೊಟ್ಟವರು ಅವರು. ಅವರ ಮನಸ್ಸು ನನ್ನಿಂದ ದೂರವಾದರೆ ಈ ಊರಿನಲ್ಲಿ ನನಗೆ ಬೇರೆ ಯಾರು ದಿಕ್ಕು?

ಸಂಜೆ ಜಗಲಿಯಲ್ಲಿ ಅವರ ಪಕ್ಕ ಕೂತು, "ಅತ್ತೆ, ನಂಬರ್ ಒತ್ತಿದ್ರೂ ತೆಗೆಯತ್ತೆ ಇದು, ಹೇಳಿಕೊಡ್ತೀನಿ" ಎಂದೆ.

"ನೀನು ಮೊಗ ತೋರ್ಸಿ ಒಳಗೆ ಓಗ್ತೀಯ. ನಾನು ಕೊಲ್ಲೆವಾಸಲಿಂದ ಬರ್ಬೇಕಾ?" ಎಂದರು ಅತ್ತೆ. ಕೊಲ್ಲೆವಾಸಲು ಎಂದರೆ ಹಿತ್ತಲ ಬಾಗಿಲು. "ನಂಗೆ ಆ ಫೋನೇ ಬೇಡ ಮಾ. ಇಟ್ಕೋ."

ನಾದಿನಿಗೆ ಫೋನು ಮಾಡಿದೆ. ಅವಳು ನಕ್ಕಳು. "ಅತ್ತಿಗೆ, ಅದ್ರಲ್ಲಿ ಇನ್ನೊಂದು ಮೊಗ ಸೇರ್ಸಬಹುದು. ಇನ್ನೊಂದೇ ಒಂದು, ಅಷ್ಟೇ. ಯಾರ್ದು ಅಂತ ಯೋಚ್ನೆ ಮಾಡಿ."

ನನ್ನ ಗಂಡ ತಕ್ಷಣ ತಲೆ ಬಾಚಿಕೊಳ್ಳಲು ಹೊರಟರು. "ನಿಮ್ಮದಲ್ಲ, ಕೂತ್ಕೊಳ್ಳಿ" ಎಂದೆ. ಮಾವ ಕೆಮ್ಮಿದ ಹಾಗೆ ಮಾಡಿ ನಗು ನುಂಗಿದರು. ಅತ್ತೆ ಮಾತ್ರ ಗೋಡೆಯ ಕಡೆ ನೋಡುತ್ತಿದ್ದರು. "ಅತ್ತೆ, ಏಳಿ. ನಿಮ್ಮ ಮೊಗ ಬೇಕು" ಎಂದು ಕೈ ಹಿಡಿದು ಎಬ್ಬಿಸಿದೆ.

"ನಂದಾ? ಈ ವಯಸ್ನಾಗಾ?" ಎಂದರು. ಆದರೆ ಬಚ್ಚಲಿಗೆ ಹೋಗಿ ಮುಖ ತೊಳೆದು, ಹಣೆಗೆ ಕುಂಕುಮವಿಟ್ಟು, ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದ ಒಳ್ಳೆಯ ಸೀರೆ ಉಟ್ಟುಕೊಂಡೇ ಬಂದರು. ತಲೆಯನ್ನು ನಿಧಾನವಾಗಿ ಸುತ್ತ ತಿರುಗಿಸಬೇಕು ಎಂದೆ. ಅತ್ತೆ ಕಣ್ಣು ಮಿಟುಕಿಸದೆ, ಗದ್ದ ಎತ್ತಿ, ಎಡಕ್ಕೆ ಬಲಕ್ಕೆ ಎಷ್ಟು ಗಂಭೀರವಾಗಿ ತಿರುಗಿಸಿದರೆಂದರೆ ಮಾವ ಎದ್ದು ಹೊರಗೆ ಹೋಗಿ ನಕ್ಕರು. ಗಾಜಿನ ಮೇಲಿನ ಗೆರೆಗಳೆಲ್ಲ ಹಸಿರಾದವು. ಫೋನು ಮುಚ್ಚಿ ಅವರ ಕೈಗೆ ಕೊಟ್ಟೆ. ಅತ್ತೆ ನೋಡಿದರು. ತೆರೆಯಿತು.

"ಅಡಿಯಾತ್ತೀ!" ಎಂದು ಬೆರಗಿನಿಂದ ಕೂಗಿದರು. ಮುಚ್ಚಿದರು, ನೋಡಿದರು, ತೆರೆಯಿತು. ಮತ್ತೆ ಮುಚ್ಚಿದರು. ಎದುರು ಮನೆಗೆ ಹೋಗಿ ಅಲ್ಲೂ ತೋರಿಸಿ ಬಂದರು.

ಮಾರನೆಯ ಬೆಳಗ್ಗೆ ವ್ಯಾಪಾರಿ ಬಂದ. ಅತ್ತೆ ಅವನಿಗೆ ಕಾಣುವ ಹಾಗೆ ಫೋನು ಎತ್ತಿ, ಮುಖದ ಮುಂದೆ ಹಿಡಿದು, ತೆರೆದರು. ದೊಡ್ಡತ್ತೆಯ ದನಿ ತೋಟದ ತುಂಬ ಕೇಳಿತು. "ತಂಗೀ, ಇವತ್ತು ಇಲ್ಲಿ ಬೆಲೆ ಏರೈತೆ. ಅವ್ನು ನೆನ್ನೆ ಬೆಲೆ ಏಳಿದ್ರೆ ಬುಡಬ್ಯಾಡ. ಮೂತಿ ಸಪ್ಪೆ ಮಾಡ್ತಾನೆ, ನೋಡ್ಬ್ಯಾಡ." ವ್ಯಾಪಾರಿ ಹಿಂದಿನ ದಿನದ ಬೆಲೆಯನ್ನೇ ಹೇಳಿದ. ಹೇಳಿ, ದೇವರಾಣೆಗೂ, ಮೂತಿ ಸಪ್ಪೆ ಮಾಡಿದ! ಅತ್ತೆ ನೋಡಲೇ ಇಲ್ಲ. ಅರ್ಧ ಗಂಟೆಯ ಹಗ್ಗಜಗ್ಗಾಟದ ಮೇಲೆ ಅವರು ಕೇಳಿದ ಬೆಲೆಗೇ ಹಣ್ಣು ಲಾರಿ ಹತ್ತಿತು. ಪೆಟ್ಟಿಗೆ ಕಟ್ಟುತ್ತಿದ್ದ ನನಗೆ ಆ ದಿನ ಆದ ಹೆಮ್ಮೆ ನನ್ನ ಪರೀಕ್ಷೆಯ ಫಲಿತಾಂಶ ಬಂದಾಗಲೂ ಆಗಿರಲಿಲ್ಲ. ನನ್ನ ಅತ್ತೆ, ನಮ್ಮ ಭಾಷೆ, ನಮ್ಮ ಹಣ್ಣು ಎಂದು ಯಾರನ್ನಾದರೂ ನಿಲ್ಲಿಸಿ ಹೇಳಬೇಕೆನಿಸಿತು.

ಇಲ್ಲಿಗೆ ಮುಗಿದಿದ್ದರೆ ಬರಹ ಸುಖವಾಗಿ ಮುಗಿಯುತ್ತಿತ್ತು. ಅಷ್ಟರಲ್ಲಿ ಅಮ್ಮ ಬಂದಳು.

ಮದ್ದೂರಿನಿಂದ ಅವಳು ಬರುವುದೇ ಅಪರೂಪ. ಬಂದವಳು ಕೈಕಾಲು ತೊಳೆದು, ತಂದಿದ್ದ ಹುರಿಟ್ಟಿನ ಡಬ್ಬ ಅತ್ತೆಯ ಕೈಗಿಟ್ಟು, ತಲುಪಿದೆ ಎಂದು ಅಪ್ಪನಿಗೆ ಹೇಳಲು ಪಡಸಾಲೆಯಲ್ಲಿದ್ದ ನನ್ನ ಫೋನು ಎತ್ತಿಕೊಂಡಳು. ಕೇಳುವ ಮಾತೇ ಇಲ್ಲ. ಮಗಳ ವಸ್ತು ಎಂದರೆ ಅವಳದೇ. ಬೀಗದ ಚಿತ್ರ ಅವಳಿಗೂ ತಲೆ ಅಲ್ಲಾಡಿಸಿತು.

"ಏನೇ ಇದು?" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಬಂದು, "ಕೊಡಿ ಅತ್ತಿಗೆ" ಎಂದು ಫೋನು ಇಸಿದುಕೊಂಡು, ಮುಖಕ್ಕೆ ಹಿಡಿದು, ತೆರೆದು ವಾಪಸ್ ಕೊಟ್ಟರು. "ನನ್ನ ಮೊಗ ಕಂಡ್ರೆ ತೆಗ್ಯುತ್ತೆ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು, ಸ್ವಲ್ಪ ಹೆಮ್ಮೆಯಿಂದ.

ಅಮ್ಮ ಫೋನನ್ನು ನೋಡಿದಳು, ನನ್ನನ್ನು ನೋಡಿದಳು. "ಅದ್ಕೆ ಗೊತ್ತಿರೋ ಮೊಕ ನಾನು ಹೆತ್ತಿದ್ದು ಕಣೇ. ನನ್ನ ಕಂಡ್ರೆ ಗುರ್ತು ಸಿಗಲ್ವಾ ಅದ್ಕೆ?" ಎಂದಳು. ನಗುತ್ತಲೇ ಅಂದಳು. ನನಗೆ ಮಾತ್ರ ಎದೆಗೆ ಒದ್ದ ಹಾಗಾಯಿತು.

ಅತ್ತೆಗೂ ಅದು ತಾಕಿರಬೇಕು. "ರೂಪಾ, ಇವ್ರು ಇರೋ ಗಂಟ ನನ್ನ ಮೊಗ ತೆಗ್ದು ಇವ್ರದ್ದು ಆಕು ಮಾ. ಅಪ್ಪುರಂ ನೋಡೋಣ" ಎಂದರು. ಆಮೇಲೆ ನೋಡೋಣ ಎಂದು. ಹೊಸದಾಗಿ ಸಿಕ್ಕ ಖುಷಿಯನ್ನು ಕೈಯಾರೆ ಬಿಟ್ಟುಕೊಡಲು ಹೊರಟಿದ್ದರು. ನಾನು ಸೆಟ್ಟಿಂಗ್ಸಿನಲ್ಲಿ ಹುಡುಕಿದೆ. ಎರಡನೆಯ ಮುಖವೊಂದನ್ನೇ ಅಳಿಸುವ ದಾರಿ ಅಲ್ಲಿರಲಿಲ್ಲ. ಅಳಿಸಿದರೆ ಎರಡೂ ಒಟ್ಟಿಗೆ ಹೋಗಬೇಕು, ನನ್ನದೂ, ಅತ್ತೆಯದೂ. ಆಮೇಲೆ ಮೊದಲಿನಿಂದ ಶುರು.

"ಅತ್ತೇದು ತೆಗೀಬೇಕಾದ್ರೆ ನಂದೂ ಹೋಗತ್ತಮ್ಮ" ಎಂದೆ. "ಆಮೇಲೆ ನಂದು ಮತ್ತೆ ಹಾಕ್ಬೇಕು, ನಿಂದು ಹಾಕ್ಬೇಕು. ಮಾಡ್ಲಾ?"

ಅಮ್ಮ ಫೋನು ಹಿಡಿದಿದ್ದ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದಳು. "ಬ್ಯಾಡ ಬುಡು" ಎಂದಳು. "ನಾನು ನಾಕು ದಿನ ಇದ್ದು ಹೋಗೋಳು. ಕೂಡಿಕೊಂಡಿರೋದನ್ನ ಯಾಕೆ ಬಿಡಿಸ್ತೀಯ?"

ಇದ್ದಷ್ಟು ದಿನವೂ ಫೋನು ಬೇಕಾದಾಗಲೆಲ್ಲ ಅವಳು ಅತ್ತೆಯ ಹತ್ತಿರ ಹೋದಳು. ಇಬ್ಬರೂ ಜಗಲಿಯಲ್ಲಿ ಅಂಟಿಕೊಂಡು ಕೂತು ನನ್ನ ಮದುವೆಯ ಫೋಟೋ ನೋಡುತ್ತಿದ್ದರು. ಒಬ್ಬಳ ಕನ್ನಡಕ್ಕೆ ಇನ್ನೊಬ್ಬಳು ನಗುವುದು ಬೇರೆ. ಅವರಿಬ್ಬರನ್ನೂ ಹಾಗೆ ನೋಡುತ್ತಾ ನನಗೆ ಮನಸ್ಸು ತುಂಬಿಯೂ ಬರುತ್ತಿತ್ತು, ಏನೋ ಕಳೆದುಕೊಂಡಂತೆಯೂ ಆಗುತ್ತಿತ್ತು. ಊರಿಗೆ ಹೋಗುತ್ತೀನಿ ಎಂದು ನಾನು ಮದ್ದೂರಿನಲ್ಲಿ ನಿಂತು ಹೇಳಿದರೆ ಕಂಬಂ ಎಂದು, ಕಂಬಂನಲ್ಲಿ ನಿಂತು ಹೇಳಿದರೆ ಮದ್ದೂರು ಎಂದು ಯಾವಾಗ ಆಯಿತೋ ನನಗೇ ಗೊತ್ತಾಗಿಲ್ಲ.

ಹೊರಡುವ ದಿನ ಅಮ್ಮನನ್ನು ಬಸ್ಸು ಹತ್ತಿಸಲು ನಾನೊಬ್ಬಳೇ ಹೋದೆ. ಕಂಬಂನಿಂದ ದಿಂಡಿಗಲ್ಲಿಗೆ ಬಸ್ಸು, ಅಲ್ಲಿಂದ ಮೈಸೂರಿನ ರೈಲು. ಸೀಟು ಹಿಡಿದು ಬ್ಯಾಗು ಇಟ್ಟೆ. ಹೊರಟೆ ಎಂದು ಅಪ್ಪನಿಗೆ ಹೇಳಬೇಕು, ಅತ್ತೆ ಹತ್ತಿರದಲ್ಲಿಲ್ಲ. ಅಮ್ಮ ನನ್ನ ಕೈಯಿಂದ ಫೋನು ತೆಗೆದುಕೊಂಡು, "ಎಲ್ಲಿ, ಇತ್ಲಾಗೆ ನೋಡು" ಎಂದು ನನ್ನ ಮುಖದ ಮುಂದೆ ಹಿಡಿದಳು.

ನೋಡಿದೆ. ಫೋನು ಆಗಲೇ ತೆರೆದಿತ್ತು. ಅಮ್ಮ ಕೈ ಕೆಳಗಿಳಿಸಲಿಲ್ಲ. ಫೋನಿನ ಮೇಲಿಂದ ನನ್ನ ಮುಖವನ್ನೇ ನೋಡುತ್ತಿದ್ದಳು. ಕಂಡಕ್ಟರ್ ಸೀಟಿ ಊದಿದ ಮೇಲೂ ನೋಡುತ್ತಿದ್ದಳು.