ಸೀಲು ಬಿದ್ದ ಓದಿನ ಪಟ್ಟಿ

ಇವತ್ತು ನಮ್ಮ ಹೊಳೆನರಸೀಪುರದ ಕಾಲೇಜಿನಲ್ಲಿ ಆಗಿದ್ದು ಕೇಳಿ, ಸ್ನೇಹಿತರೇ. ನನ್ನ ವಿದ್ಯಾರ್ಥಿನಿ ಮಂಜುಳಾಗೆ ಕಣ್ಣು ಕಾಣುವುದಿಲ್ಲ. ಟೈಪ್ ಮಾಡಿದ್ದನ್ನು ಅವಳ ಫೋನು ಓದಿ ಹೇಳುತ್ತದೆ. ಅದಕ್ಕೇ ನಾನೂ ಲೈಬ್ರರಿ ಮೇಡಮ್ಮೂ ಕೂತು, ಫೋನು ಓದಬಲ್ಲ ಪುಸ್ತಕಗಳನ್ನೇ ಹುಡುಕಿ, ಲಿಂಕ್ ಸಮೇತ ಪಟ್ಟಿ ಟೈಪ್ ಮಾಡಿ, ನಿಯಮದಂತೆ ಅವಳಿಗೆ ಕಳುಹಿಸಲು ಆಫೀಸಿಗೆ ಕೊಟ್ಟಿದ್ದೆವು.

"ಸೀಲಿಲ್ದೆ ಎಂಗ್ ಕಳ್ಸಾದು ಸಾ?" ಎಂದ ಗುಮಾಸ್ತರು ಅದನ್ನು ಪ್ರಿಂಟ್ ತೆಗೆದು, ಸಹಿ ಹಾಕಿಸಿ, ಸೀಲು ಒತ್ತಿ, ಫೋಟೋ ಹೊಡೆದು ಅವಳಿಗೆ ವಾಟ್ಸಾಪ್ ಮಾಡಿದರು. ಅವಳ ಫೋನು "ಚಿತ್ರ" ಎಂದಷ್ಟೇ ಹೇಳಿ ಸುಮ್ಮನಾಯಿತು. ಪರೀಕ್ಷೆ ಬೇರೆ ಹತ್ತಿರ.

ಸೀಲಿನ ಕಥೆ ಹೇಳುತ್ತಾ ಅವಳನ್ನು ಕರೆದುಕೊಂಡು ಆಫೀಸಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು:

"ಸೀಲು ನೆಟ್ಟಗೆ ಬಿದ್ದೈತಾ ಸಾ?"

ಗುಮಾಸ್ತರ ಮುಖ ಅರಳಿತು. "ಬಲೇ ಚೆನ್ನಾಗ್ ಬಿದ್ದೈತೆ ಕಣವ್ವ!"

ಅಂತೂ ಮಂಜುಳಾಗೆಂದೇ ಮಾಡಿದ ಪಟ್ಟಿ ಈಗ ಅಧಿಕೃತ. ಅವಳೊಬ್ಬಳನ್ನು ಬಿಟ್ಟು ಯಾರು ಬೇಕಾದರೂ ಓದಬಹುದು.