ಹುಸೇನ್ ಸಾಬರು ತೋಡಿದ ಟ್ರೆಂಚು

ಶಿವನಿ ಸ್ಟೇಷನ್ನಿನ ಪಕ್ಕ ಎರಡನೇ ಹಳಿ ಹಾಕಿದ ವರ್ಷ ನಾನು ನಾಲ್ಕನೇ ಕ್ಲಾಸು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ನಡುಗದ ವಸ್ತುವೇ ಇರಲಿಲ್ಲ. ಗೂಡ್ಸ್ ಗಾಡಿ ಬಂದರೆ ಅಳಿಗುಳಿಮಣೆಯ ಹುಣಸೆಬೀಜಗಳು ತಾವೇ ಕುಣಿದು ಪಕ್ಕದ ಗುಳಿಗೆ ಹಾರುತ್ತಿದ್ದವು. "ನೀನೇ ಹಾಕ್ಕೊಂಡೆ ಕಣೇ, ಕಳ್ಳಿ!" ಎಂದು ತಂಗಿ ಜಗಳ ತೆಗೆಯುತ್ತಿದ್ದಳು. ಗೋಡೆಯ ಬಿರುಕಿನಿಂದ ಉದುರಿದ ಮಣ್ಣು ಹುರಿದ ಕಡಲೆಕಾಯಿಯ ಜೊತೆ ನಮ್ಮ ಬಾಯಿಗೂ ಹೋಗುತ್ತಿತ್ತು.

ಅವ್ವ ರೈಲ್ವೆಗೆ ಮೂರು ಸಲ ಅರ್ಜಿ ಕೊಟ್ಟ ಮೇಲೆ, ಹಳಿ ಹಾಕಿದ ಗುತ್ತಿಗೆದಾರನ ಇಂಜಿನಿಯರ್ ನಡುಕ ಅಳೆಯುವ ಯಂತ್ರ ಹಿಡಿದು ಬಂದ. ಒಳಗೆ ಬರುವಾಗ ಕರ್ಚೀಫಿನಿಂದ ಮೂಗು ಮುಚ್ಚಿಕೊಂಡ. ಯಾವ ಗಾಡಿಯೂ ಇಲ್ಲದ ಮಧ್ಯಾಹ್ನ ಯಂತ್ರವನ್ನು ಅಡುಗೆಮನೆಯ ನೆಲದ ಮೇಲಿಟ್ಟ.

"ಗಾಡಿ ಬರೋಗಂಟ ಕುಂತ್ಕಳಿ ಸ್ವಾಮಿ," ಎಂದಳು ಅವ್ವ.

"ನಂಗೆ ಬೇರೆ ಕೆಲ್ಸ ಇಲ್ವೇನಮ್ಮಾ? ನಡುಕ ಏನೂ ಇಲ್ಲ. ಮಣ್ಣಿನ ಮನೆ, ಹಳೇದಾಗಿದೆ ಅಷ್ಟೆ."

ನಡುಗದ ಹೊತ್ತಿನಲ್ಲಿ ನಡುಕ ಅಳೆಯಲು ಈ ಮಹಾಶಯ ಅದೆಷ್ಟು ವರ್ಷ ಓದಿದ್ದನೋ!

ಪಕ್ಕದ ಮನೆಯ ಹುಸೇನ್ ಸಾಬರು ಗಾರೆ ಕೆಲಸದವರು. "ನಡುಕ ನೆಲದಾಗೇ ತಾನೆ ತಂಗಿ ಬರೋದು? ನೆಲಾನೇ ಕಡಿದ್ಬಿಡಾನ," ಎಂದು ಅವ್ವನಿಗೆ ಹೇಳಿ ಹಾರೆ ತಂದರು. ವಾರವಿಡೀ ಅಗೆದರು, ಅವ್ವ ಮಣ್ಣು ಹೊತ್ತಳು. ನಮ್ಮ ಹಿತ್ತಲಿನಲ್ಲಿ, ಹಳಿಗೂ ಗೋಡೆಗೂ ನಡುವೆ, ಎದೆಮಟ್ಟ ಆಳದ ಟ್ರೆಂಚು ಆಯಿತು. ಅಂದು ಗೂಡ್ಸ್ ಹೋದಾಗ ಬೀಜಗಳು ಇದ್ದ ಗುಳಿಯಲ್ಲೇ ಇದ್ದವು. ಸಾಬರು ಗೋಡೆಗೆ ಅಂಗೈ ಒತ್ತಿ ನಿಂತು ನಕ್ಕರು.

ಎಂಟು ದಿನಕ್ಕೆ ಇಂಜಿನಿಯರ್ ಮತ್ತೆ ಬಂದ. "ಯಾರ್ ಪರ್ಮಿಷನ್ ತಗೊಂಡ್ರಿ? ಹಳಿ ಕುಸಿದ್ರೆ?"

"ಹಳಿ ಅಷ್ಟ್ ದೂರ ಐತೆ ಸಾರ್. ಈಗ ಗಾಡಿ ಬತ್ತದೆ, ಗೋಡೆ ಮುಟ್ಟಿ ನೋಡಿ," ಎಂದರು ಸಾಬರು.

"ನಂಗೇ ಪಾಠ ಹೇಳ್ತೀಯೇನೋ?"

ತನ್ನ ಅಪ್ಪನ ವಯಸ್ಸಿನವರಿಗೆ ಏಕವಚನ! ಓದಿಗಿಂತ ಚೆನ್ನಾಗಿ ಇದನ್ನು ಕಲಿತಿದ್ದ. ಜೆಸಿಬಿ ತರಿಸಿ ಟ್ರೆಂಚು ಮುಚ್ಚಿಸಿ ಹೋದ.

ಆ ಮಳೆಗಾಲದ ಒಂದು ಬೆಳಿಗ್ಗೆ, ಗೂಡ್ಸ್ ಹಾಯುತ್ತಿದ್ದಂತೆ ಅಡುಗೆಮನೆ ಗೋಡೆ ಅವ್ವನ ಮೇಲೆ ಬಿತ್ತು. ಸಾಬರು ಬರಿಗೈಯಲ್ಲಿ ಮಣ್ಣು ಬಗೆದು ಅವಳನ್ನು ಹೊರಗೆಳೆದರು. ಜೀವ ಉಳಿಯಿತು, ಬಲಗೈ ಮೊದಲಿನಂತಾಗಲಿಲ್ಲ. ಅಂದಿನಿಂದ ನಮ್ಮಿಬ್ಬರ ಜಡೆ ಹಾಕಲು ಅವಳಿಗೆ ಆಗಲೇ ಇಲ್ಲ. ಇಂಜಿನಿಯರ್ ವರದಿಯಲ್ಲಿ ಬರೆದದ್ದು ಎರಡೇ ಪದ: ಮನೆ ಹಳೆಯದು.

ನಾವು ಅಜ್ಜಂಪುರಕ್ಕೆ ಬಂದೆವು. ಸಾಬರೂ ಮನೆ ಬಿಟ್ಟರು, ಉಳಿದವರೂ ಒಬ್ಬೊಬ್ಬರಾಗಿ ಬಿಟ್ಟರು. ಮೊನ್ನೆ ಆ ದಾರಿಯಲ್ಲಿ ಹೋದೆ. ಅಕ್ಕಪಕ್ಕದ ಮನೆಗಳು ನಡುಗಬಾರದೆಂದು ಹಳಿಯ ಕೆಳಗೆ ಈಗ ರಬ್ಬರ್ ಹಾಸಿದ್ದಾರಂತೆ. ಹಾಗೆಂದು ದೊಡ್ಡ ಬೋರ್ಡನ್ನೂ ನೆಟ್ಟಿದ್ದಾರೆ. ಬೋರ್ಡಿನ ಸುತ್ತ ಕಣ್ಣು ಹಾಯುವಷ್ಟು ದೂರ ಒಂದು ಮನೆಯೂ ಇಲ್ಲ.